ಒಬ್ಬನೇ ಆಡುವವನಿಗೆ ಹಳೆಯ ಯುದ್ಧದಾಟಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಜೊತೆಗಾರರಿಲ್ಲದೆ ಆಡಲು ಹಳೆಯ ಕಂಪ್ಯೂಟರ್ ಯುದ್ಧದಾಟಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀಯ. ಹೆಸರುಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಒಂದೇ: ಎದುರಿಗೆ ಮನುಷ್ಯನಿಲ್ಲದ ಕೊರತೆಯನ್ನು ಆ ಆಟ ಹೇಗೆ ತುಂಬಿಕೊಟ್ಟಿದೆ? ಅಂದಿನ ಯಂತ್ರಗಳ ಶಕ್ತಿ ಬಹಳ ಕಡಿಮೆ. ಇದನ್ನು ಚೆನ್ನಾಗಿ ಅರಿತಿದ್ದ ವಿನ್ಯಾಸಕಾರರು ಮಾಡಿಟ್ಟ ಆಟಗಳು ಇಂದಿಗೂ ಹಳಸಿಲ್ಲ.

ನೀನು ಪ್ಯಾಂಜರ್ ಜನರಲ್‌ನಿಂದ ಶುರುಮಾಡು. ಎಸ್‌ಎಸ್‌ಐ ಎಂಬ ಅಮೆರಿಕದ ಆಟ ತಯಾರಕ ಸಂಸ್ಥೆ 1994ರಲ್ಲಿ ತಂದ ಎರಡನೇ ಮಹಾಯುದ್ಧದ ಆಟ. ಅದರಲ್ಲಿ ಕಂಪ್ಯೂಟರ್ ಹೆಚ್ಚಾಗಿ ತನ್ನ ನಗರಗಳಲ್ಲಿ ಬೇರೂರಿ ಕುಳಿತಿರುತ್ತದೆ. ಅಷ್ಟು ಮಾಡಲು ದೊಡ್ಡ ಬುದ್ಧಿ ಬೇಕಿಲ್ಲ. ನೀನೊಮ್ಮೆ, ಕಂಪ್ಯೂಟರ್ ಒಮ್ಮೆ ಎಂದು ಸರದಿಯಂತೆ ಆಡುವ ಆಟ ಇದು; ನಿನ್ನನ್ನು ಕಾಡುವುದು ಆ ಸರದಿಗಳ ಲೆಕ್ಕ. ಇಂತಿಷ್ಟು ಸರದಿಗಳೊಳಗೆ ಗುರುತು ಮಾಡಿದ ಊರುಗಳನ್ನೆಲ್ಲ ಹಿಡಿಯಲೇಬೇಕು. ಕಂದಕ ತೋಡಿ ಕುಳಿತ ಪದಾತಿ ದಳದ ಮೇಲೆ ನೇರವಾಗಿ ಟ್ಯಾಂಕು ನುಗ್ಗಿಸಿ ನೋಡು, ನಿನ್ನ ಟ್ಯಾಂಕುಗಳೇ ಸುಟ್ಟುಹೋಗುತ್ತವೆ. ಮೊದಲು ಫಿರಂಗಿಯಿಂದ ಹೊಡೆಯಬೇಕು. ಸಾವುನೋವು ಹೆಚ್ಚಾಗದಿದ್ದರೂ ಪ್ರತಿ ಹೊಡೆತಕ್ಕೆ ಅವರ ನೆಲೆ ಒಂದೊಂದು ಹಂತ ಸಡಿಲವಾಗುತ್ತದೆ. ಆಮೇಲೆ ಬಾಂಬರ್, ಕೊನೆಗೆ ನಿನ್ನ ಪದಾತಿ. ಈ ಕ್ರಮಕ್ಕೆ ಬೇಕಾದಷ್ಟು ಸಮಯ ಮಾತ್ರ ನಿನ್ನಲ್ಲಿರುವುದಿಲ್ಲ. ಅಷ್ಟರಲ್ಲಿ ಮಳೆ ಹಿಡಿದು ವಿಮಾನಗಳು ಕೆಲಸಕ್ಕೆ ಬಾರದಂತಾಗುತ್ತವೆ. ಒಂದು ಕದನದಿಂದ ಮುಂದಿನದಕ್ಕೆ ಜೊತೆಯಲ್ಲಿ ಬರುವ ದಳಗಳು ಅನುಭವ ಗಳಿಸುತ್ತ ಹೋಗುತ್ತವೆ. ಅಗ್ಗದಲ್ಲಿ ಹೊಸಬರನ್ನು ತುಂಬಿದರೆ ಆ ಅನುಭವ ತೆಳುವಾಗುತ್ತದೆ, ನುರಿತವರನ್ನೇ ತುಂಬಿದರೆ ಖಜಾನೆ ಖಾಲಿಯಾಗುತ್ತದೆ.

ಒಂದು ವಿಷಯ ನಿನಗೆ ಹೇಳಲೇಬೇಕು. ಆ ಆಟದ ದೀರ್ಘ ಅಭಿಯಾನದಲ್ಲಿ ನೀನು ಜರ್ಮನ್ ಸೇನಾಪತಿಯೇ ಆಗಬೇಕು. 1939ರ ಪೋಲೆಂಡಿನಿಂದ ಹೊರಟು, ಚೆನ್ನಾಗಿ ಗೆಲ್ಲುತ್ತ ಹೋದರೆ ಅಮೆರಿಕದ ನೆಲದವರೆಗೂ ತಲುಪಬಹುದು. ಆ ಸೈನ್ಯದ ಹಿಂದೆಯೇ ನಡೆದ ಕೊಲೆಗಳ ಬಗ್ಗೆ ಪರದೆಯ ಮೇಲೆ ಒಂದು ಮಾತೂ ಇಲ್ಲ. ನನಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ. ಮರುವರ್ಷ ಬಂದ ಅಲೈಡ್ ಜನರಲ್ ಎದುರುಪಕ್ಷವನ್ನು ನಿನ್ನ ಕೈಗೆ ಕೊಡುತ್ತದೆ. ಅದನ್ನೂ ಆಡು ಎಂದು ಒತ್ತಾಯಿಸುತ್ತೇನೆ.

ಇನ್ನೂ ಹಿಂದಕ್ಕೆ ಹೋಗುವ ಮನಸ್ಸಿದ್ದರೆ ಇದೇ ಸಂಸ್ಥೆ 1980ರಲ್ಲಿ ತಂದ ಮೊದಲ ಆಟ ಕಂಪ್ಯೂಟರ್ ಬಿಸ್ಮಾರ್ಕ್ ಇದೆ. ಅದರಲ್ಲಿ ಒಂಟಿ ಆಟಗಾರನಿಗೆ ಎದುರಾಗುವ ಯಂತ್ರಕ್ಕೆ ಒಟ್ಟೊ ಫಾನ್ ಕಂಪ್ಯೂಟರ್ ಎಂದು ಹೆಸರಿಟ್ಟಿದ್ದರು. ಆದರೆ ನಾನು ಮನಸಾರೆ ಮೆಚ್ಚಿದ್ದು 1981ರಲ್ಲಿ ಅಟಾರಿ ಎಂಬ ಮನೆ ಕಂಪ್ಯೂಟರಿಗಾಗಿ ಕ್ರಿಸ್ ಕ್ರಾಫರ್ಡ್ ಬರೆದ ಈಸ್ಟರ್ನ್ ಫ್ರಂಟ್. ಜರ್ಮನಿ ರಷ್ಯಾದ ಮೇಲೆ ಬಿದ್ದ ವರ್ಷದ ಕಥೆ. ಪರದೆಯ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಕ್ಷಣದಲ್ಲಿ ನಿನ್ನ ಜಾಯ್‌ಸ್ಟಿಕ್ ಆಜ್ಞೆಗಳನ್ನು ಯಂತ್ರ ಸ್ವೀಕರಿಸುತ್ತದೆ. ಉಳಿದ ಹೊತ್ತೆಲ್ಲ ಅದು ತನ್ನ ಯೋಜನೆಯನ್ನು ತಿದ್ದುತ್ತಲೇ ಇರುತ್ತದೆ. ನೀನು ಹೆಚ್ಚು ಹೊತ್ತು ಯೋಚಿಸಿದಷ್ಟೂ ಯಂತ್ರ ಆಡಿಸುವ ರಷ್ಯನ್ನರ ಯೋಜನೆ ಹದಗೊಳ್ಳುತ್ತದೆ! ಅಷ್ಟು ಪುಟ್ಟ ಯಂತ್ರದಲ್ಲಿ ಇಂಥದ್ದೊಂದು ಉಪಾಯ ಹೊಳೆದದ್ದನ್ನು ನೆನೆದರೆ ಇಂದಿಗೂ ಗೌರವ ಉಕ್ಕುತ್ತದೆ. ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಅಟಾರಿ ಎಮ್ಯುಲೇಟರ್‌ನಲ್ಲಿ ಈಗಲೂ ಓಡುತ್ತದೆ.

ಗ್ಯಾರಿ ಗ್ರಿಗ್ಸ್‌ಬಿ ಎಂಬ ವಿನ್ಯಾಸಕಾರರ ಆಟಗಳನ್ನು ಬಿಡಬೇಡ. 1992ರ ಪೆಸಿಫಿಕ್ ವಾರ್‌ನಲ್ಲಿ ಒಂದು ಸರದಿ ಎಂದರೆ ಒಂದು ವಾರ. ಬರ್ಮಾದಿಂದ ಪರ್ಲ್ ಹಾರ್ಬರ್ ತನಕದ ಇಡೀ ಸಮರ ನಿನ್ನ ಮುಂದಿರುತ್ತದೆ, ಬೇಡವೆನಿಸಿದ ಸೇನಾ ವಿಭಾಗಗಳ ಉಸ್ತುವಾರಿಯನ್ನು ಕಂಪ್ಯೂಟರ್‌ಗೇ ಒಪ್ಪಿಸಿಬಿಡಬಹುದು. ಅದಕ್ಕೆ ತಾಳ್ಮೆ ಬೇಕು, ಆಮೇಲೆ ನೋಡಿಕೊಳ್ಳೋಣ. ಸದ್ಯಕ್ಕೆ 1995ರ ಸ್ಟೀಲ್ ಪ್ಯಾಂಥರ್ಸ್ ಸಾಕು. ಆ ಸರಣಿಯ ಆಟವನ್ನೇ ಅಭಿಮಾನಿಗಳು ವರ್ಷಾನುಗಟ್ಟಲೆ ತಿದ್ದಿ ಬೆಳೆಸಿದ ವಿನ್‌ಎಸ್‌ಪಿಡಬ್ಲ್ಯುಡಬ್ಲ್ಯು2, ವಿನ್‌ಎಸ್‌ಪಿಎಂಬಿಟಿ ಎಂಬ ಎರಡು ಆಟಗಳು (ಮೊದಲನೆಯದು ಎರಡನೇ ಮಹಾಯುದ್ಧದ್ದು, ಇನ್ನೊಂದು ಅದರ ನಂತರದ ಕಾಲದ್ದು) ಉಚಿತವಾಗಿ ಸಿಗುತ್ತವೆ, ಇಂದಿನ ವಿಂಡೋಸ್‌ನಲ್ಲಿ ಓಡುತ್ತವೆ. ಕಂಪ್ಯೂಟರ್‌ಗೆ ಕಾಯುವ ಪಾತ್ರ ಕೊಟ್ಟು ನೀನು ದಾಳಿ ಮಾಡು. ಕಾಯುವಾಗ ಅದು ಚೆನ್ನಾಗಿ ಆಡುತ್ತದೆ, ದಾಳಿಗೆ ಬಂದಾಗ ದಳಗಳನ್ನು ಬಿಡಿಬಿಡಿಯಾಗಿ ಕಳಿಸಿ ಸೋಲುತ್ತದೆ. ಕಂಪ್ಯೂಟರ್ ವಿರುದ್ಧ ಯಾವ ಪಕ್ಷ ವಹಿಸಿದರೆ ಚೆನ್ನ ಎಂದು ಎಷ್ಟೋ ಕದನಗಳ ವಿವರಣೆಯಲ್ಲೇ ಬರೆದಿರುತ್ತಾರೆ, ಆರಂಭಿಸುವ ಮೊದಲು ಅದನ್ನು ಓದು.

ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಆಟಗಳಿಗೆ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೋ. ಆಟ ಕುಂಟಿದರೆ ಕಂಟ್ರೋಲ್ ಮತ್ತು ಎಫ್12 ಒತ್ತಿ ವೇಗ ಹೆಚ್ಚಿಸು, ಅತಿ ವೇಗವಾಗಿ ಓಡಿದರೆ ಕಂಟ್ರೋಲ್ ಮತ್ತು ಎಫ್11. ಸರದಿಯ ಆಟಗಳಿಗೆ ವೇಗದ ಹಂಗು ಕಡಿಮೆ, ಇವು ಇಷ್ಟು ಚೆನ್ನಾಗಿ ಉಳಿದುಕೊಳ್ಳಲು ಅದೂ ಒಂದು ಕಾರಣ. ಕೈಪಿಡಿಯನ್ನು ಮಾತ್ರ ಮರೆಯದೆ ಹುಡುಕಿ ತೆಗೆ. ಕೆಲವು ಹಳೆಯ ಆಟಗಳು ಕೈಪಿಡಿಯ ಇಂಥ ಪುಟದ ಇಂಥ ಪದ ಯಾವುದು ಎಂದು ಕೇಳುತ್ತವೆ, ಉತ್ತರಿಸದೆ ಒಳಗೆ ಬಿಡುವುದಿಲ್ಲ. ನಿಯಮಗಳ ಮುಕ್ಕಾಲು ಪಾಲೂ ಅಲ್ಲೇ ಇರುತ್ತವೆ.

ವಿನ್‌ಎಸ್‌ಪಿಎಂಬಿಟಿಯ ಜೊತೆಗೇ ಕದನಗಳನ್ನು ನಾವೇ ಕಟ್ಟಿಕೊಳ್ಳುವ ಎಡಿಟರ್ ಇದೆ. ನಾನೀಗ ಅದರಲ್ಲಿ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿ ಲಾ ಕಣಿವೆದಾರಿಯ ನಕ್ಷೆ ಮಾಡುತ್ತಿದ್ದೇನೆ. ಪಾಕಿಸ್ತಾನದೊಡನೆ ನಡೆದ ಮೊದಲ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ನಮ್ಮ ಕೊಡಗಿನ ತಿಮ್ಮಯ್ಯನವರು 11 ಸಾವಿರ ಅಡಿಗೂ ಎತ್ತರದ ಆ ದಾರಿಗೆ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದ ದಿನ. ಗುಟ್ಟು ರಟ್ಟಾಗದಿರಲೆಂದು ಗೋಪುರಗಳನ್ನು ಬಿಚ್ಚಿ ಆ ಟ್ಯಾಂಕುಗಳನ್ನು ಕಾಶ್ಮೀರಕ್ಕೆ ಸಾಗಿಸಿದ್ದರು. ಅಂಥ ಎತ್ತರಕ್ಕೆ ಟ್ಯಾಂಕು ಬರುತ್ತದೆಂದು ಎದುರಾಳಿಗಳು ಎಣಿಸಿರಲೇ ಇಲ್ಲ. ಆ ಅಚ್ಚರಿಯನ್ನು ಆಟದೊಳಗೆ ತರುವುದು ಹೇಗೆ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಕಂಪ್ಯೂಟರ್‌ನ ಟ್ಯಾಂಕು ನಿರೋಧಕ ಆಯುಧಗಳನ್ನೆಲ್ಲ ತೆಗೆದುಬಿಟ್ಟರೆ ಆಟ ತೀರ ಸುಲಭವಾಗುತ್ತದೆ, ಉಳಿಸಿದರೆ ಇತಿಹಾಸಕ್ಕೆ ಹೊಂದುವುದಿಲ್ಲ. ಸದ್ಯ ಸರದಿಗಳನ್ನು ಕಡಿಮೆ ಮಾಡಿ ನೋಡುತ್ತಿದ್ದೇನೆ. ಕಡತ ಕಳಿಸುತ್ತೇನೆ, ಆಡಿ ನೋಡಿ ಎಷ್ಟು ಸರದಿ ಇಡಬೇಕೆಂದು ನೀನೇ ಬರೆ.

ನಿನ್ನ,
ಗೆಳೆಯ