ಕಜ್ಜಿನೋ ಇಸುಬೋ ನೋಡ್ದೆ ಮುಲಾಮು ಕೊಡ್ಬೇಡಿ

ಸಂಪಾದಕರಿಗೆ ನಮಸ್ಕಾರ,

ದಸರಾ ರಜೆಗೆ ಹಾಸ್ಟೆಲಿಂದ ಬಂದ ನನ್ನ ಮಗ ರಾತ್ರಿಯೆಲ್ಲಾ ಪರಪರ ಕೆರ್ಕೋತಿದ್ದ, ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಅಲರ್ಜಿ ಅಂತ ಸ್ಟಿರಾಯ್ಡ್ ಟ್ಯೂಬ್ ಕೊಟ್ರು, ನಾಲ್ಕು ದಿನ ತುರಿಕೆ ತಗ್ಗಿತು, ಆಮೇಲೆ ಮೈಯೆಲ್ಲಾ ಹಬ್ಬಿ ಒಂದೂವರೆ ತಿಂಗಳಲ್ಲಿ ನನಗೂ ಅವನ ತಂಗಿಗೂ ಶುರುವಾಯ್ತು. ಕೊನೆಗೆ ಚರ್ಮದ ಡಾಕ್ಟ್ರು ಅವನ ಬೆರಳ ಸಂದಿಗೆ ಲೆನ್ಸ್ ಹಿಡಿದು ನಂಗೂ ತೋರಿಸಿದ್ರು, ಕೂದಲೆಳೆಯಂಥ ಅಂಕುಡೊಂಕು ಗೆರೆ, ಹುಳ ಚರ್ಮದೊಳಗೆ ಕೊರೆದ ದಾರಿ ಅದು. ಕಜ್ಜಿ!

ಮಕ್ಕಳ ಇಸುಬು (ಎಕ್ಸಿಮಾ) ಹೆಚ್ಚಾಗಿ ಮೊಣಕೈ ಮಡಿಕೆ, ಮಂಡಿ ಹಿಂದೆ ಒಣಗಿ ಕೆಂಪಾಗತ್ತೆ, ಅದು ಅಂಟಲ್ಲ. ಕಜ್ಜಿ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆ ಸಂದಿ ಹಿಡಿಯತ್ತೆ, ರಾತ್ರಿ ತುರಿಕೆ ಜಾಸ್ತಿ, ಜೊತೆಗೆ ಮಲಗೋರಿಗೂ ಬರತ್ತೆ. ಮನೇಲಿ ಇನ್ಯಾರಿಗಾದ್ರೂ ತುರಿಕೆ ಇದ್ಯಾ ಅಂತ ಅಂಗಡಿಯೋರು ಒಂದು ಮಾತು ಕೇಳಿದ್ರೆ ಸಾಕಿತ್ತು! ಸ್ಟಿರಾಯ್ಡ್ ಹಚ್ಚಿದ್ರೆ ಗುರುತು ಮುಚ್ಚಿಹೋಗತ್ತೆ, ಹುಳ ಸಾಯಲ್ಲ.

ನಮಗೆ ಕೊಟ್ಟಿದ್ದು ಪರ್ಮೆಥ್ರಿನ್ 5% ಕ್ರೀಮು, ಮನೆಯೋರೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲವರೆಗೂ ಹಚ್ಚಿ ಬೆಳಿಗ್ಗೆ ತೊಳೆಯೋದು, ವಾರ ಬಿಟ್ಟು ಮತ್ತೊಮ್ಮೆ, ಬಟ್ಟೆ ಹಾಸಿಗೆ ಎಲ್ಲಾ ಬಿಸಿನೀರಿಗೆ. ಹುಳ ಸತ್ತ ಮೇಲೂ ಎರಡ್ಮೂರು ವಾರ ತುರಿಕೆ ಇತ್ತು, ಅದಕ್ಕೆ ಗಾಬರಿ ಬೇಡ.

ದಿನಾ ಸ್ನಾನ ಮಾಡೋರಿಗೂ ಇದು ಬರತ್ತೆ, ಕೊಳಕು ಅಂತ ಮಕ್ಕಳನ್ನ ಬೈಬೇಡಿ. ವಾರ್ಡನ್‌ಗಳು ಒಬ್ಬನಿಗೆ ಕಂಡ್ರೆ ಇಡೀ ರೂಮಿನ ಹುಡುಗರನ್ನ ಡಾಕ್ಟರಿಗೆ ತೋರಿಸಿ, ದಯವಿಟ್ಟು.

- ಒಬ್ಬ ತಾಯಿ, ದಾವಣಗೆರೆ