ಮಲೆನಾಡಿನ ಕಾರಿಗೆ ದಂಬೆ ಬೇಕು

ಮಾನ್ಯ ಸಂಪಾದಕರೇ,

ಅಂಬಾಸಿಡರ್, ಪದ್ಮಿನಿ, ವಿಲ್ಲೀಸ್ ಜೀಪುಗಳ ಚೆಂದ ಈಗಿನ ಗಾಡಿಗಳಿಗೆ ಇಲ್ಲವೆಂಬ ಮಾತು ಚಿಕ್ಕಮಗಳೂರು, ಮೂಡಿಗೆರೆ ಕಡೆ ಆಗಾಗ ಕೇಳಿಬರುತ್ತದೆ. ಹೆಚ್ಚಿನವರು ನೆನೆಯುವುದು ಕ್ರೋಮ್ ಬಂಪರನ್ನು, ದುಂಡು ಬಾನೆಟ್ಟನ್ನು. ಹಳೆ ಗಾಡಿಗಳ ಕೆಲಸ ಮಾಡುವ ನಮಗೆ ಹೆಚ್ಚು ಕೊರತೆ ಎನಿಸುವುದು ಮಳೆಯ ಊರಿಗೆ ಹೊಂದುತ್ತಿದ್ದ ಕೆಲವು ಸಣ್ಣ ಅಂಗಗಳು.

ಮೊದಲನೆಯದು ಬಾಗಿಲುಗಳ ಮೇಲೆ ಚಾವಣಿಯ ಅಂಚಿಗೆ ಓಡುತ್ತಿದ್ದ ತಗಡಿನ ಮಡಿಕೆ. ಮಳೆನೀರು ಹರಿದುಹೋಗಲೆಂದು ಮನೆಯ ಸೂರಿಗೆ ಕಟ್ಟುವ ಅಡಿಕೆ ದಂಬೆಯ ಕೆಲಸವನ್ನೇ ಅದು ಮಾಡುತ್ತಿತ್ತು. ಚಾವಣಿಯ ತಗಡು, ಪಕ್ಕದ ತಗಡು ಎರಡೂ ಅಲ್ಲಿ ಕೂಡಿ ವೆಲ್ಡ್ ಆಗುತ್ತಿದ್ದುದರಿಂದ ಬೆಸುಗೆಯ ಅಂಚೇ ನೀರಿನ ದಾರಿಯೂ ಆಗಿತ್ತು. ಗಾಳಿಯ ಸದ್ದು, ಎಳೆತ ತಗ್ಗಿಸಲು ಅದನ್ನು ತೆಗೆದರು; ಬೆಸುಗೆ ಚಾವಣಿಯ ಮೇಲಕ್ಕೆ ಸರಿದು ಕಪ್ಪು ಪಟ್ಟಿಯ ಕೆಳಗೆ ಸೇರಿತು. ಹೆದ್ದಾರಿಯ ವೇಗಕ್ಕೆ ಅದು ಸರಿಯೇ. ಜುಲೈ ಮಳೆಯಲ್ಲಿ ಕೊಟ್ಟಿಗೆಹಾರದಲ್ಲಿ ಬಾಗಿಲು ತೆರೆದರೆ ಮಾತ್ರ ಚಾವಣಿಯ ನೀರು ನೇರ ಸೀಟಿಗೆ, ಪವರ್ ವಿಂಡೋ ಸ್ವಿಚ್ಚಿಗೆ ಸುರಿಯುತ್ತದೆ. ಟೇಪಿನಲ್ಲಿ ಅಂಟಿಸುವ ಡೋರ್ ವೈಸರ್ ಗಾಜು ಇಳಿಸಿದಾಗ ನೆರವಾದೀತು, ಬಾಗಿಲು ತೆರೆದಾಗ ಅದೂ ಜೊತೆಗೇ ಆಚೆ ಹೋಗುತ್ತದೆ.

ಮುಂಬಾಗಿಲಿನ ತ್ರಿಕೋನದ ಕ್ವಾರ್ಟರ್ ಗ್ಲಾಸನ್ನು ಎರಡು ಬೆರಳಷ್ಟು ತೆರೆದರೆ ಮಳೆ ಒಳಬಾರದೆ ಗಾಳಿಯಾಡುತ್ತಿತ್ತು, ಗಾಜಿನ ಮಬ್ಬು ಇಳಿಯುತ್ತಿತ್ತು. ಈಗ ಆ ಕೆಲಸ ಎಸಿಯದು. ಬಹಳಷ್ಟು ಜನ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿಟ್ಟು ಮಬ್ಬು ಹೋಗುತ್ತಿಲ್ಲ ಎನ್ನುತ್ತಾರೆ. ಹೊರಗಾಳಿ ತೆರೆದು, ಎಸಿ ಹಾಕಿ, ಗಾಳಿಯನ್ನು ಮುಂಗಾಜಿಗೆ ತಿರುಗಿಸಬೇಕು. ಮಬ್ಬು ಗಾಜಿನ ಹೊರಗಿದ್ದರೆ ಎಸಿಯ ತಣುಪು ಹೆಚ್ಚಾಗಿದೆ ಎಂದರ್ಥ. ತಣುಪು ತಗ್ಗಿಸಿ ವೈಪರ್ ಹಾಕಿದರೆ ಸಾಕು.

ಹೆಡ್‌ಲೈಟಿನ ವಿಚಾರ ಸ್ವಲ್ಪ ದೊಡ್ಡದು. ಏಳು ಇಂಚಿನ ದುಂಡು ಡೂಮು ಎಷ್ಟೋ ಬಗೆಯ ಗಾಡಿಗಳಿಗೆ ಒಂದೇ ಆಗಿತ್ತು. ಮುಂಭಾಗ ಗಾಜಿನದು, ಬಿಸಿಲಿಗೆ ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಮೇಲಿನ ಲೇಪ ಹೋದರೆ ಮಂಕಾಗುತ್ತದೆ. ಎಲ್‌ಇಡಿ ಒಳಗೇ ಕೂತ ಮಾದರಿಗಳಲ್ಲಿ ಒಂದು ತುಣುಕು ಕೆಟ್ಟರೂ ಇಡೀ ಲ್ಯಾಂಪ್ ಬದಲಿಸಬೇಕಾಗುತ್ತದೆ. ಹಳೆ ಗಾಡಿಯವರು ಬೆಳಕು ಸಾಲದೆಂದು ಡೂಮಿಗೆ ಎಲ್‌ಇಡಿ ಬಲ್ಬ್ ತುರುಕುವುದು ತಪ್ಪು. ಎಚ್4 (ಹೈ, ಲೋ ಎರಡೂ ಒಂದೇ ಹ್ಯಾಲೊಜೆನ್ ಬಲ್ಬಿನಲ್ಲಿರುವ ಬಗೆ) ರಿಫ್ಲೆಕ್ಟರನ್ನು ಬಲ್ಬಿನೊಳಗಿನ ತಂತಿ ಉರಿಯುವ ಜಾಗಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಬೆಳಕಿನ ಮೂಲ ಸ್ವಲ್ಪ ಸರಿದರೂ ಬೆಳಕು ಚೆದುರಿ, ಚಾರ್ಮಾಡಿಯ ತಿರುವಿನಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮಂಕಿಗೆ ಕಾರಣ ಸಾಮಾನ್ಯವಾಗಿ ಹಳೆಯ ವೈರಿಂಗು. 60/55 ವ್ಯಾಟಿನ ಎರಡು ಬಲ್ಬುಗಳು ಹೈಬೀಮಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಅಷ್ಟೂ ಸವೆದ ಸ್ವಿಚ್ಚಿನ ಮೂಲಕ ಹೋದರೆ ವೋಲ್ಟೇಜ್ ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ಇಳಿದರೆ ಹ್ಯಾಲೊಜೆನ್ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗುತ್ತದೆ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ನಡೆಸುವ ಸಾಧನ) ಹಾಕಿ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸಿನ ಮೂಲಕ 2.5 ಚದರ ಮಿ.ಮೀ. ವೈರ್ ಎಳೆದು, ಅರ್ಥ್ ಕೂಡುವಲ್ಲಿ ಪೇಂಟ್ ಕೆರೆಯಿರಿ. ಮಂಜಿಗೆ ಬಣ್ಣಕ್ಕಿಂತ ದೀಪದ ಎತ್ತರ ಮುಖ್ಯ: ಬಂಪರಿನ ಕೆಳಗೆ ಕೂತ ದೀಪ ನೆಲ ತೋರಿಸುತ್ತದೆ, ಮೇಲೆ ಕೂತದ್ದು ಬೆಳ್ಳನೆಯ ಗೋಡೆ ತೋರಿಸುತ್ತದೆ.

ಇಷ್ಟೆಲ್ಲ ಇದ್ದರೂ ಹಳೆಯದು ಗಟ್ಟಿ, ಹೊಸದು ಡಬ್ಬ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದು 2014ರವರೆಗೆ ತಯಾರಾದ ಅಂಬಾಸಿಡರಿಗೂ ಜೀಪಿನಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಳೆ ಗಾಡಿಯ ತಗಡು ದಪ್ಪವಾದರೂ ಗುದ್ದಿದಾಗ ಹೊಡೆತವನ್ನು ಹೀರುವಂತೆ ರೂಪಿಸಿದ್ದಲ್ಲ. ಮುಂಗಾಜಿನ ಪಕ್ಕದ ಕಂಬ ತೆಳ್ಳಗಿದ್ದುದರಿಂದ ಹೇರ್‌ಪಿನ್ ತಿರುವು ಚೆನ್ನಾಗಿ ಕಾಣುತ್ತಿತ್ತು, ಆದರೆ ಗಾಡಿ ಮಗುಚಿದರೆ ಅದೇ ಕಂಬ ಮಡಚುತ್ತಿತ್ತು. ಈಗ ಕಂಬ ದಪ್ಪವಾಗಿದೆ. ತಿರುವಿಗೆ ಮುನ್ನ ತಲೆಯನ್ನು ಮುಂದೆ ತಂದು ಅದರ ಮರೆಯನ್ನು ನೋಡುವ ರೂಢಿ ಬೇಕು. ಬಾನೆಟ್ ಎತ್ತರವಾದದ್ದಕ್ಕೂ ಕಾರಣವಿದೆ: ಪಾದಚಾರಿಯ ತಲೆ ಬಡಿದರೆ ತಗ್ಗಿಕೊಡಲು ತಗಡಿಗೂ ಎಂಜಿನ್ನಿಗೂ ನಡುವೆ ಜಾಗ ಬೇಕು.

ಹಳೆ ಕಾರನ್ನು ಹೊಸದು ಮಾಡಿಸುವವರಿಗೆ ಒಂದು ಬಿನ್ನಹ. ತುಕ್ಕು ಹಿಡಿದಿದೆಯೆಂದು ಆ ನೀರಿನ ದಂಬೆಯನ್ನು ಕತ್ತರಿಸಿ ನುಣುಪು ಮಾಡುವ ಟಿಂಕರಿಂಗ್ ಬೇಡ. ಬೆಸುಗೆಯ ಸಂದಿ ಮುಚ್ಚಲು ಹಚ್ಚಿದ್ದ ಹಳೆ ಸೀಲರನ್ನು ಪೂರ್ತಿ ಕೆರೆದು, ತಂತಿ ಬ್ರಷ್ ಹೊಡೆದು, ತೂತಾದ ಕಡೆ ತಗಡಿನ ತುಂಡು ವೆಲ್ಡ್ ಮಾಡಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಸೀಮ್ ಸೀಲರ್, ಕೊನೆಗೆ ಪೇಂಟ್. ಅಲ್ಲಿ ಪುಟ್ಟಿ ತುಂಬಲೇಬಾರದು. ಅದು ನೀರು ಕುಡಿದು ಒಳಗಿಂದಲೇ ತುಕ್ಕು ಹಿಡಿಸುತ್ತದೆ, ಆ ನೀರು ಕಂಬದೊಳಗೆ ಇಳಿದು ನೆಲದ ತಗಡನ್ನು ತಿನ್ನುತ್ತದೆ. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳನ್ನು ಪೇಂಟಿನಲ್ಲಿ ಮುಚ್ಚಿದ್ದರೆ ತೆರೆಸಿ. ತೋಟದಲ್ಲಿ ಸಿಲ್ವರ್ ಓಕ್ ಕೆಳಗೆ ನಿಲ್ಲಿಸುವ ಗಾಡಿ ಹಳೆಯದಿರಲಿ ಹೊಸದಿರಲಿ, ಮುಂಗಾಜಿನ ಬುಡದ ತರಗೆಲೆಯನ್ನು ಮಳೆಗೆ ಮುನ್ನ ಮೇ ತಿಂಗಳಲ್ಲೇ ತೆಗೆಯಬೇಕು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ (ವಿಂಟೇಜ್) ನೋಂದಣಿ ಸಿಗಬೇಕಾದರೂ ಮೂಲ ರೂಪ ಉಳಿದಿರಬೇಕು. ಟಿಂಕರಿಂಗಿಗೆ ಬಿಡುವ ಮೊದಲೇ ನಾಲ್ಕೂ ಕಡೆಯ ಫೋಟೊ ತೆಗೆದಿಟ್ಟುಕೊಳ್ಳಿ.

– ಹಳೆ ಗಾಡಿಗಳ ಕೆಲಸಗಾರರು, ಚಿಕ್ಕಮಗಳೂರು