ಕಣ್ಣಿಗೆ ಬಿದ್ದ ಉಲ್ಕೆ ಕ್ಯಾಮೆರಾಕ್ಕೆ ಏಕೆ ಬೀಳಲಿಲ್ಲ?

ಪ್ರಿಯ ಗೆಳೆಯಾ,

ಕಣ್ಣಿಗೆ ನಲವತ್ತು ಉಲ್ಕೆ ಕಂಡವು, ಕ್ಯಾಮೆರಾದಲ್ಲಿ ಎರಡೇ ಸಿಕ್ಕವು, ಅವೂ ಕೂದಲೆಳೆಯಷ್ಟು ಮಸುಕು ಅಂತ ಬರೆದಿದ್ದೀಯ. ಮುಂದಿನ ಸಲ ಶಟರನ್ನು ಒಂದು ನಿಮಿಷ ತೆರೆದಿಡುವ ನಿನ್ನ ಯೋಚನೆಯನ್ನು ಮೊದಲು ಬಿಡು. ನಕ್ಷತ್ರದ ಬೆಳಕು ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಸೆಕೆಂಡುಗಟ್ಟಲೆ ಕೂಡುತ್ತಾ ಹೋಗುತ್ತದೆ. ಉಲ್ಕೆ ಹಾಗಲ್ಲ. ಡಿಸೆಂಬರಿನ ಉಲ್ಕಾಪಾತವಾದ ಜೆಮಿನಿಡ್‌ನ ಉಲ್ಕೆಗಳ ವೇಗ ಸೆಕೆಂಡಿಗೆ ಸುಮಾರು 35 ಕಿ.ಮೀ., ಆಗಸ್ಟಿನ ಪರ್ಸೀಡ್‌ಗಳದ್ದು 59. ಒಂದು ಪಿಕ್ಸೆಲ್ ಮೇಲೆ ಉಲ್ಕೆ ನಿಲ್ಲುವುದು ಸೆಕೆಂಡಿನ ಸಾವಿರದ ಕೆಲವೇ ಪಾಲು. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಸಿಗುವ ಬೆಳಕು ಅಷ್ಟೇ. ಹೆಚ್ಚುವುದು ಹಿಂದಿನ ಆಕಾಶದ ಬೆಳಕು ಮಾತ್ರ, ಅದರಲ್ಲಿ ಸಣ್ಣ ಗೆರೆಗಳು ಮುಳುಗಿಹೋಗುತ್ತವೆ.

ಹಾಗಾಗಿ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಮೊದಲು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಮೇಲೆ, ಶಟರ್ ಕೊನೆಗೆ. ಎಫ್ ಸಂಖ್ಯೆ ಇಳಿದಷ್ಟೂ ಕಿಂಡಿ ಅಗಲ: ಎಫ್/4ರಿಂದ ಎಫ್/2ಕ್ಕೆ ಬಂದರೆ ನಾಲ್ಕು ಪಟ್ಟು ಬೆಳಕು. 14ರಿಂದ 24 ಮಿ.ಮೀ. ಲೆನ್ಸ್, ಎಫ್/2.8 ಅಥವಾ ಅದಕ್ಕಿಂತ ಅಗಲ, ಐಎಸ್‌ಒ 3200, ಶಟರ್ 15ರಿಂದ 20 ಸೆಕೆಂಡ್. ಇಲ್ಲಿಂದ ಶುರುಮಾಡು. ಆಕಾಶ ಬೆಳ್ಳಗೆ ಬಂದರೆ ಶಟರ್ ಕಡಿಮೆ ಮಾಡು, ಅಪರ್ಚರ್ ಮುಟ್ಟಬೇಡ. ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪ) ಇರಲಿ.

ಎರಡನೆಯದು, ತಪ್ಪುಗಳಲ್ಲೆಲ್ಲ ದೊಡ್ಡದು: ಚಿತ್ರಗಳ ನಡುವಿನ ಖಾಲಿ ಸಮಯ. ಉಲ್ಕೆ ನಿನಗಾಗಿ ಕಾಯುವುದಿಲ್ಲವಲ್ಲ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ, ಪ್ರತಿ 20 ಸೆಕೆಂಡ್ ಚಿತ್ರದ ಹಿಂದೆ ಕ್ಯಾಮೆರಾ ಇನ್ನೊಂದು 20 ಸೆಕೆಂಡ್ ಕಣ್ಣು ಮುಚ್ಚಿ ಕತ್ತಲ ಚಿತ್ರ ತೆಗೆಯುತ್ತದೆ. ಅಂದರೆ ಅರ್ಧ ರಾತ್ರಿ ಪೋಲು. ಮೆನುವಿನಲ್ಲಿ ಹುಡುಕಿ ಆಫ್ ಮಾಡು. ಚಿತ್ರಗಳನ್ನು ತಾನಾಗಿ ಒಂದರ ಹಿಂದೊಂದು ತೆಗೆಯಲು ಇಡುವ ಇಂಟರ್ವಲ್‌ನಲ್ಲೂ ಒಂದು ಗೊಂದಲವಿದೆ: ಕೆಲವು ಕ್ಯಾಮೆರಾಗಳಲ್ಲಿ ಅದು ಒಂದು ಚಿತ್ರದ ಆರಂಭದಿಂದ ಮುಂದಿನದರ ಆರಂಭಕ್ಕೆ, ಕೆಲವು ರಿಮೋಟ್‌ಗಳಲ್ಲಿ ಎರಡರ ನಡುವಿನ ಬಿಡುವು. ಮೊದಲನೆಯದಾದರೆ 20 ಸೆಕೆಂಡಿಗೆ 21 ಅಥವಾ 22 ಇಡು. 20 ಎಂದೇ ಇಟ್ಟರೆ ಒಂದು ಬಿಟ್ಟು ಒಂದು ಚಿತ್ರ ತಪ್ಪಬಹುದು. ಎರಡನೆಯದಾದರೆ 1 ಸಾಕು. ಈ ತಲೆನೋವೇ ಬೇಡವೆಂದರೆ ಬಿಡದೆ ಚಿತ್ರ ತೆಗೆಯುವ ಕಂಟಿನ್ಯುಯಸ್ ಮೋಡ್‌ಗೆ ಹಾಕಿ ಕೇಬಲ್ ರಿಲೀಸ್ (ತಂತಿಯ ಶಟರ್ ರಿಮೋಟ್) ಗುಂಡಿ ಒತ್ತಿ ಲಾಕ್ ಮಾಡಿಬಿಡು. ನಾಲ್ಕು ಗಂಟೆಗೆ ಸುಮಾರು 700 ಚಿತ್ರ, ಒಂದೊಂದು 30 ಎಂಬಿ ಎಂದರೂ 21 ಜಿಬಿ. 64 ಜಿಬಿ ಕಾರ್ಡ್ ಹಾಕು, ಬ್ಯಾಟರಿ ಎರಡಾದರೂ ಇರಲಿ. ಚಳಿಯಲ್ಲಿ ಅವು ಬೇಗ ಸೋಲುತ್ತವೆ.

ಫೋಕಸ್ ರಿಂಗಿನ ಅನಂತದ ಗುರುತನ್ನು ನಂಬಬೇಡ. ಲೈವ್ ವ್ಯೂನಲ್ಲಿ (ಹಿಂಬದಿ ಪರದೆಯ ನೇರ ನೋಟ) ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಅತಿ ಸಣ್ಣ ಚುಕ್ಕೆಯಾಗುವವರೆಗೆ ಕೈಯಲ್ಲೇ ತಿರುಗಿಸಿ, ರಿಂಗಿಗೆ ಟೇಪ್ ಹಚ್ಚು. ರಾತ್ರಿ ತಣ್ಣಗಾದಂತೆ ಫೋಕಸ್ ಸರಿಯುತ್ತದೆ, ಗಂಟೆಗೊಮ್ಮೆ ನೋಡು. ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಆಫ್.

ಮತ್ತೆ ಇಬ್ಬನಿ. ಲೆನ್ಸಿನ ಗಾಜು ಸುತ್ತಲಿನ ಗಾಳಿಗಿಂತ ತಣ್ಣಗಾಗಿ ನೀರು ಕೂರುತ್ತದೆ. ಚಿತ್ರಗಳು ಒಂದರ ಹಿಂದೊಂದು ಮಂಜಾಗುತ್ತಿದ್ದರೂ ಹಿಂಬದಿಯ ಪರದೆ ಆರಿಸಿ ಕೂತವನಿಗೆ ತಿಳಿಯುವುದೇ ಇಲ್ಲ. ಒರೆಸಿದರೆ ಕಲೆಯಾಗಿ ಹರಡುತ್ತದೆ, ಐದೇ ನಿಮಿಷಕ್ಕೆ ಮತ್ತೆ ಕೂರುತ್ತದೆ. ಪವರ್ ಬ್ಯಾಂಕಿನಿಂದ ನಡೆಯುವ ಹೀಟರ್ ಪಟ್ಟಿಯನ್ನು ಲೆನ್ಸಿನ ಮುಂತುದಿಗೆ ಸುತ್ತು. ಇಬ್ಬನಿ ಬಿದ್ದ ಮೇಲಲ್ಲ, ಶುರುವಿನಿಂದಲೇ.

ಕ್ಯಾಮೆರಾ ಎತ್ತ ತಿರುಗಿಸಲಿ ಅಂತಲೂ ಕೇಳಿದ್ದೀಯ. ಜೆಮಿನಿಡ್‌ಗಳು ಚಿಮ್ಮಿದಂತೆ ಕಾಣುವ ಬಿಂದು ಮಿಥುನ ರಾಶಿಯಲ್ಲಿ, ಪುನರ್ವಸುವಿನ ಜೋಡಿ ತಾರೆಗಳ ಪೈಕಿ ಕ್ಯಾಸ್ಟರ್ ಬಳಿ. ಅಲ್ಲಿಗೇ ಗುರಿ ಇಟ್ಟರೆ ಉಲ್ಕೆಗಳು ನಮ್ಮ ಕಡೆಗೇ ಬರುವುದರಿಂದ ಗೆರೆ ಗಿಡ್ಡ. 40ರಿಂದ 60 ಡಿಗ್ರಿ ಪಕ್ಕಕ್ಕೆ, ಅರ್ಧ ಆಕಾಶದೆತ್ತರಕ್ಕೆ ಹಿಡಿದರೆ ಉದ್ದ ಗೆರೆ ಸಿಗುತ್ತದೆ. ಗರಿಷ್ಠ ಡಿಸೆಂಬರ್ 13-14ರ ರಾತ್ರಿ. ಆ ಬಿಂದು ಎತ್ತರಕ್ಕೇರುವುದು ನಸುಕಿನ ಎರಡರ ಹೊತ್ತಿಗೆ. ಸುದ್ದಿಯಲ್ಲಿ ಬರುವ 'ಗಂಟೆಗೆ 120' ಎಂಬ ಲೆಕ್ಕ ಆ ಬಿಂದು ನೆತ್ತಿಯ ಮೇಲಿದ್ದು, ಆಕಾಶ ಕಡುಗಪ್ಪಾಗಿದ್ದರೆ ಮಾತ್ರ. ಬಿಂದು 30 ಡಿಗ್ರಿ ಎತ್ತರದಲ್ಲಿದ್ದರೆ ಅದು ಅರ್ಧ. ಊರ ದೀಪಗಳ ಬೆಳಕಿದ್ದರೆ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ. 2026ರಲ್ಲಿ ಚಂದ್ರನ ಕಾಟ ಕಡಿಮೆ: ಪರ್ಸೀಡ್‌ಗಳ ಆಗಸ್ಟ್ 12ಕ್ಕೆ ಅಮಾವಾಸ್ಯೆ, ಜೆಮಿನಿಡ್ ರಾತ್ರಿ ಎಳೆಚಂದ್ರ ಮಧ್ಯರಾತ್ರಿಗೆ ಮುನ್ನವೇ ಮುಳುಗುತ್ತಾನೆ.

ಚಿತ್ರ ಆರಿಸುವಾಗ ಅಕ್ಕಪಕ್ಕದ ಫ್ರೇಮ್ ನೋಡು. ಗೆರೆ ಮುಂದಿನ ಫ್ರೇಮ್‌ನಲ್ಲೂ ಮುಂದುವರಿದರೆ ಅದು ಉಪಗ್ರಹ ಅಥವಾ ವಿಮಾನ. ಒಂದೇ ಫ್ರೇಮ್‌ನಲ್ಲಿದ್ದು, ತುದಿಗಳು ಚೂಪಾಗಿ, ಹಸಿರು ಛಾಯೆ ಇದ್ದರೆ ಉಲ್ಕೆಯೆಂದೇ ಹೆಚ್ಚಿನ ಮಟ್ಟಿಗೆ ನಂಬಬಹುದು. ಆ ಗೆರೆಯನ್ನು ಹಿಂದಕ್ಕೆ ಎಳೆದುನೋಡು: ಕ್ಯಾಸ್ಟರ್ ಹತ್ತಿರ ಹೋಗದಿದ್ದರೆ ಅದು ದಾರಿತಪ್ಪಿ ಬಂದ ಬೇರೆ ಉಲ್ಕೆ. ಎಲ್ಲವನ್ನೂ ಒಂದೇ ಚಿತ್ರಕ್ಕೆ ಸೇರಿಸುವೆಯಾದರೆ ಪ್ರತಿ ಫ್ರೇಮನ್ನೂ ಒಂದೇ ಫ್ರೇಮ್‌ನ ನಕ್ಷತ್ರಗಳಿಗೆ ಹೊಂದಿಸಿದ ಮೇಲೆಯೇ ಉಲ್ಕೆ ಕತ್ತರಿಸು. ಹಾಗೆ ಮಾಡದೆ ಅಂಟಿಸಿದವುಗಳಲ್ಲಿ ಗೆರೆಗಳು ದಿಕ್ಕಿಗೊಂದರಂತೆ ಓಡಿರುತ್ತವೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಆ ಎರಡು ಮಸುಕು ಚಿತ್ರಗಳ ರಾ ಫೈಲ್ ಕಳಿಸು, ಅಪರ್ಚರ್ ಎಷ್ಟಿತ್ತು ನೋಡೋಣ.

ಇಂತಿ ನಿನ್ನ ಗೆಳೆಯ